ಬಿಲ್ಲೆ ಬಿಚ್ಚಿಕೊಟ್ಟವರು

ಗೋಡೆಯ ಮೇಲೆ ಗೇಣಕ್ಕನ ಕೈ ಇತ್ತು. ತಲೆ ಇರಲಿಲ್ಲ.

ಸಂಶೋಧನಾ ಕೇಂದ್ರದ ಬಾಗಿಲು ದಾಟಿದರೆ ಎದುರಿಗೇ ಆಳೆತ್ತರದ ಆ ಚಿತ್ರ. ಮೊಣಕೈವರೆಗಿನ ಎರಡು ಕೈ, ಅಂಗೈಯಲ್ಲಿ ಒಂದು ಮರಿಮೀನು, ಮೀನಿನ ಬೆನ್ನಿಗೆ ಹಳದಿ ಬಿಲ್ಲೆ. ಕೆಳಗೆ ವಿಶ್ವವಿದ್ಯಾಲಯದ ಮುದ್ರೆ, ಪಕ್ಕದಲ್ಲಿ ಮೀನುಗಾರಿಕೆ ಇಲಾಖೆಯ ಮುದ್ರೆ. ಚಿತ್ರ ತೆಗೆದ ದಿನ ಗೇಣಕ್ಕ ತಲೆ ಬಾಚಿಕೊಂಡು ಹೋಗಿದ್ದಳು. ಅವರಿಗೆ ಮುಖ ಬೇಕಿರಲಿಲ್ಲ. ಹೆಬ್ಬೆರಳ ಬುಡದ ಗಾಯದ ಕಲೆ ನೋಡಿ ಅದು ತನ್ನದೇ ಕೈ ಎಂದು ಅವಳು ಗುರುತು ಹಿಡಿದದ್ದು. ಮನೆಗೆ ಬಂದು ಅತ್ತೆಗೆ ಹೇಳಿದಾಗ ಅತ್ತೆ ಬಲೆ ಹೆಣೆಯುತ್ತಲೇ, "ಕೈಯಾದ್ರೂ ಇಟ್ಕೊಂಡಿದಾರಲ್ಲ, ಪುಣ್ಯ. ಅವರಿಗೆ ಬೇಕಾಗಿರೋದು ಅದೇ ತಾನೆ" ಎಂದಿದ್ದಳು.

ಆ ಸೋಮವಾರ ಬೆಳಿಗ್ಗೆ ಕೇಂದ್ರಕ್ಕೆ ಬರಹೇಳಿದ್ದರು. ಹೊರಗೆ ಹಿನ್ನೀರಿನಲ್ಲಿ ಸದ್ದು. ಧಡ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಧಡ್. ಒಂದು ವಾರದಿಂದ ಚಪ್ಪಟೆ ದೋಣಿಯೊಂದು ಆಚೆ ದಡದಿಂದ ಕಂಬ ನೆಡುತ್ತ ಬರುತ್ತಿತ್ತು. ಸಿಮೆಂಟಿನ ಕಂಬ, ತುದಿಗೆ ಕೆಂಪು ಬಣ್ಣ. ಯಾಕೆ ಎಂದು ಕೇಳಿದರೆ ಆಳುಗಳು, "ನಮಗೇನು ಗೊತ್ತು? ಗುರುತು ಹಾಕಿದ ಕಡೆ ನೆಡೋದು" ಎನ್ನುತ್ತಿದ್ದರು. ಸಾಲು ಎತ್ತ ಹೊರಳುತ್ತದೋ ಎಂದು ಮೀನುಗಾರರ ಕೇರಿಯವರು ದಿನಾ ದಡದಲ್ಲಿ ನಿಂತು ನೋಡುತ್ತಿದ್ದರು. ಇವತ್ತು ಬೆಳಿಗ್ಗೆ ಅದು ಕೇರಿಯ ಕಡೆಗೆ ಹೊರಳಿತ್ತು.

ಕೇಂದ್ರದೊಳಗೆ ಕುರ್ಚಿಗಳಿದ್ದವು. ಗೇಣಕ್ಕನಿಗೆ ತನ್ನ ಜಾಗ ಗೊತ್ತಿತ್ತು. ಬಾಗಿಲ ಪಕ್ಕ, ತೆರೆದ ಕಿಟಕಿಯ ಕೆಳಗೆ, ನಿಂತುಕೊಂಡು. ವಾಸನೆ ಬರುತ್ತದೆ ಎಂದು ಮೊದಲ ವಾರವೇ ಹೇಳಿಬಿಟ್ಟಿದ್ದರು. ಅಲ್ಲಿದ್ದವರೆಲ್ಲ ಓದಿದ್ದು ಮೀನು, ಸಂಬಳ ತಿನ್ನುವುದು ಮೀನಿನ ಹೆಸರಲ್ಲಿ. ವಾಸನೆ ಮಾತ್ರ ಅವಳದು.

ಇಲಾಖೆಯ ಸಾಹೇಬರು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು. "ಗುರುವಾರ ದೊಡ್ಡ ಸಭೆ. ಯೂನಿವರ್ಸಿಟಿ ಕುಲಪತಿಗಳು ಬರ್ತಾರೆ, ನಮ್ಮ ನಿರ್ದೇಶಕರು ಬರ್ತಾರೆ. ಹತ್ತು ವರ್ಷದ ಒಪ್ಪಂದಕ್ಕೆ ಸಹಿ. ನೀನು ವೇದಿಕೆ ಹತ್ತಬೇಕು. ನಿಮ್ಮವರು ತಂದುಕೊಟ್ಟ ಬಿಲ್ಲೆಗಳ ಕೊನೆ ಚೀಲ ಪ್ರೊಫೆಸರ್ ಕೈಗೆ ಕೊಟ್ಟು ಎರಡು ಮಾತು ಹೇಳಬೇಕು. 'ಈ ಯೋಜನೆಗೆ ನಮ್ಮ ಜನರ ಪೂರ್ತಿ ಒಪ್ಪಿಗೆ ಇದೆ. ಮೀನು ಉಳಿಸೋಕೆ ನಾವು ನೀರು ಬಿಟ್ಟುಕೊಡ್ತೀವಿ.' ಅಷ್ಟೇ. ಬಾಯಿಪಾಠ ಮಾಡ್ಕೋ."

"ನೀರು ಬಿಟ್ಟುಕೊಡೋದು ಅಂದ್ರೆ ಏನು ಸಾರ್?"

"ಸಭೆ ಮಾತು ಅದು. ಅದರಲ್ಲೇನು ಅಂದ್ರೆ ಗಿಂದ್ರೆ."

ಹೊರಗೆ ಧಡ್ ಎಂದಿತು. ಸಾಹೇಬರು ಮೊಬೈಲ್ ಎತ್ತಿ ಅವಳ ಮುಖದ ಫೋಟೋ ತೆಗೆದುಕೊಂಡರು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಮುಖ ಯಾರಿಗೋ ಬೇಕಾಗಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಅವಳ ಹೆಸರು ಬೇರೆ ಇತ್ತು. ಅದನ್ನು ಕರೆಯುವವನು, ಅವಳ ಗಂಡ, ಎದೆಜ್ವರದಲ್ಲಿ ಹೋಗಿ ಆರು ವರ್ಷವಾಗಿತ್ತು. ಗೇಣಕ್ಕ ಎಂಬುದು ಕೇರಿ ಇಟ್ಟ ಅಡ್ಡಹೆಸರು. ಕೆಂಪುರೆಕ್ಕೆ ಮೀನು ಹಿಡಿದರೆ ಅಲ್ಲಿಯವರು ಗೇಣು ಇಟ್ಟು ನೋಡುತ್ತಾರೆ, ಹೆಬ್ಬೆರಳಿಂದ ಕಿರುಬೆರಳಿಗೆ. ಗೇಣಿಗೆ ಬಾರದ ಮೀನು ವಾಪಸ್ ನೀರಿಗೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಇದಕ್ಕೊಂದು ದೊಡ್ಡ ಹೆಸರಿಟ್ಟು ಭಾಷಣ ಮಾಡಿಲ್ಲ. ನಾಳೆಯೂ ಬಲೆ ಹಾಕಬೇಕಾದವರ ಕೆಲಸ ಅದು, ಅಷ್ಟೇ. ಅವಳ ಗೇಣು ಕೇರಿಯಲ್ಲೇ ಉದ್ದ. ಅವಳು ದಡದಲ್ಲಿ ನಿಂತರೆ ಗಂಡಸರ ಬುಟ್ಟಿ ಹಗುರಾಗುತ್ತಿತ್ತು. "ಅತ್ತಿಗೆ ಬಂದ್ಲು, ಬುಟ್ಟಿ ಮುಚ್ರೋ" ಎಂದು ಮೈದುನ ಗೇಲಿ ಮಾಡುತ್ತಿದ್ದ. ಮುಚ್ಚುತ್ತಿರಲಿಲ್ಲ ಯಾರೂ.

ಆ ಗೇಣಿನ ಸುದ್ದಿ ಕೇಳಿಯೇ ಕೇಂದ್ರದ ಪ್ರೊಫೆಸರು ಅವಳನ್ನು ಹುಡುಕಿಕೊಂಡು ಬಂದದ್ದು. ಮೂರು ವರ್ಷ ದುಡಿಸಿದರು. ಎದೆಮಟ್ಟದ ನೀರಿನಲ್ಲಿ ನಿಂತು ಮರಿಬಲೆ ಎಳೆಯುವುದು ಅವಳು. ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆನ್ನಿನ ಮುಳ್ಳುರೆಕ್ಕೆಯ ಬುಡಕ್ಕೆ ಟೊಳ್ಳು ಸೂಜಿ ಚುಚ್ಚಿ, ಪ್ಲಾಸ್ಟಿಕ್ ದಾರ ಸಿಕ್ಕಿಸಿ, ಉಗುರಗಲದ ಹಳದಿ ಬಿಲ್ಲೆ ಹೊರಗೆ ತೂಗುವಂತೆ ಬಿಡುವುದು ಅವಳು. ಬಿಲ್ಲೆಯ ಮೇಲಿನ ಅಂಕಿ ಕೂಗುವುದೂ ಅವಳು. ಬರೆದುಕೊಳ್ಳುವುದು ಚಿಕ್ಕ ಮೇಡಂ. ಪ್ರೊಫೆಸರ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ, ದೋಣಿಯಲ್ಲಿ ಕೊಡೆ ಹಿಡಿದು ಕೂತಿರುತ್ತಿದ್ದಳು. ಸಂಜೆಗೆ ಗೇಣಕ್ಕನ ಕಾಲ್ಬೆರಳ ಸಂದಿಯ ಚರ್ಮ ಬಿಳುಚಿ ಸುಲಿದು ಬರುತ್ತಿತ್ತು. ಒಮ್ಮೆ ಮುಳ್ಳುರೆಕ್ಕೆ ಹೆಬ್ಬೆರಳ ಬುಡಕ್ಕೆ ಹೊಕ್ಕು ಕೈ ಊದಿಕೊಂಡಿತು, ಮೂರು ದಿನ ಬಟ್ಟೆ ಹಿಂಡಲಾಗಲಿಲ್ಲ. ರಕ್ತ ನೋಡಿ ಪ್ರೊಫೆಸರು ಕೇಳಿದ ಮೊದಲ ಮಾತು, "ಮೀನಿಗೇನೂ ಆಗಿಲ್ಲ ತಾನೆ?"

ಬಿಲ್ಲೆಯ ಮೀನು ಬಲೆಗೆ ಬಿದ್ದರೆ ಬಿಲ್ಲೆ ತಂದುಕೊಡಿ ಎಂದು ಕೇಂದ್ರದವರು ಹೇಳಿದ್ದರು. ಗೇಣಕ್ಕ ಮನೆಮನೆಗೆ ಹೋಗಿ ಹೇಳಿದಳು. ಜನ ಅವಳ ಮಾತು ನಂಬಿದರು. ಮರಿ ಸಿಕ್ಕರೆ ಗೇಣು ಇಟ್ಟರು. ಗೇಣಿಗೆ ಬರಲಿಲ್ಲ. ದಾರ ಕತ್ತರಿಸಿ ಬಿಲ್ಲೆ ಬಿಚ್ಚಿದರು, ಮೀನನ್ನು ನೀರಿಗೆ ಬಿಟ್ಟರು, ಬಿಲ್ಲೆಯನ್ನು ಬಟ್ಟೆಯಲ್ಲಿ ಕಟ್ಟಿ ಅವಳ ಕೈಗೆ ತಂದುಕೊಟ್ಟರು. ಅವಳು ಹಾಳೆ ತುಂಬಿದಳು. ಹಾಳೆಯಲ್ಲಿ ಮೂರು ಮನೆ ಇದ್ದವು. ಅಂಕಿ, ದಿನ, ಜಾಗ. ನಾಲ್ಕನೆಯದು ಇರಲಿಲ್ಲ. ಮೀನು ಏನಾಯಿತು ಎಂದು ಯಾರೂ ಕೇಳಿರಲಿಲ್ಲ.

ಕೇಳದೆ ಅವರು ಏನು ಬರೆದುಕೊಂಡಿದ್ದರು ಎಂಬುದು ಗೊತ್ತಾದದ್ದು ಅದೇ ಸೋಮವಾರ, ಸಾಹೇಬರ ಕೋಣೆಯಿಂದ ಹೊರಗೆ ಬಂದಾಗ. ಪಡಸಾಲೆಯಲ್ಲಿ ಚಿಕ್ಕ ಮೇಡಂ ಸಭೆಗಾಗಿ ದೊಡ್ಡ ಹಲಗೆಯೊಂದಕ್ಕೆ ಚಿತ್ರಪಟ ಅಂಟಿಸುತ್ತಿದ್ದಳು. ಪಟದ ತುಂಬ ಪುಟ್ಟ ಪುಟ್ಟ ಮೀನು. ಕೆಲವು ಹಸಿರು, ಹೆಚ್ಚಿನವು ಕಪ್ಪು.

"ಏನಿದು ಮೇಡಂ, ಇಷ್ಟೊಂದು ಕಪ್ಪು?"

"ನಮ್ಮ ಲೆಕ್ಕ ಅಕ್ಕ. ಆರುನೂರು ಮೀನಿಗೆ ಬಿಲ್ಲೆ ಹಾಕಿದ್ವಿ. ಅದರಲ್ಲಿ ಮುನ್ನೂರ ಎಪ್ಪತ್ತೊಂದು ವಾಪಸ್ ಬಂತು." ಹುಡುಗಿ ದನಿ ತಗ್ಗಿಸಿದಳು. "ನೀವು ಬೇಜಾರು ಮಾಡ್ಕೋಬೇಡಿ. ಕಪ್ಪು ಅಂದ್ರೆ ನಿಮ್ಮ ಕೇರಿಯವರ ಬಲೇಲಿ ಸತ್ತಿದ್ದು."

"ಸತ್ತಿದ್ದು ಅಂತ ಯಾರು ಹೇಳಿದ್ರು?"

"ಬಿಲ್ಲೆ ಬಂತಲ್ಲ ಅಕ್ಕ."

"ಬಿಲ್ಲೆ ಬಂತು. ಮೀನು ಬಿಟ್ವಿ."

ಅಂಟಿನ ಡಬ್ಬಿ ಹುಡುಗಿಯ ಕೈಯಲ್ಲೇ ನಿಂತಿತು. "ಬಿಟ್ರಾ? ಬಿಟ್ರೆ ಬಿಲ್ಲೆ ಸಮೇತ ಬಿಡಬೇಕಿತ್ತಲ್ಲ?"

"ಬಿಲ್ಲೆ ತಂದುಕೊಡಿ ಅಂದವರು ನೀವು. ಮರಿ ಮೀನು ಸಾಯಿಸಬಾರದು ಅನ್ನೋದು ನಮಗೆ ಮೊದಲೇ ಗೊತ್ತಿತ್ತು. ಎರಡೂ ಮಾಡಿದ್ವಿ."

ಚಿಕ್ಕ ಮೇಡಂ ಪಟದ ಕಡೆ ತಿರುಗಿದಳು. ಮೂರು ವರ್ಷದ ಓದು, ಪ್ರಬಂಧ, ವರದಿ, ಕಂಬದ ಸಾಲು, ಎಲ್ಲ ಆ ಒಂದು ತಪ್ಪಿನ ಮೇಲೆ ನಿಂತಿತ್ತು. ಓಡಿಹೋಗಿ ಪ್ರೊಫೆಸರನ್ನು ಕರೆತಂದಳು. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದ್ದು ಗೇಣಕ್ಕನನ್ನಲ್ಲ, ಪಟವನ್ನು.

"ನೋಡಮ್ಮಾ, ವರದಿ ಸರ್ಕಾರಕ್ಕೆ ಹೋಗಿ ಆಗಿದೆ. ಅದರ ಮೇಲೆ ಆದೇಶ ಆಗಿದೆ. ಈ ಹಂತದಲ್ಲಿ ನೆನಪಿನಿಂದ ಹೇಳೋ ಮಾತಿಗೆ ಆಧಾರ ಇರಲ್ಲ. ಒಟ್ಟಿನಲ್ಲಿ ಮೀನು ಉಳಿದ್ರೆ ಎಲ್ಲರಿಗೂ ಒಳ್ಳೇದು ತಾನೆ?"

"ಏನು ಆದೇಶ ಸಾರ್?"

ಅವರು ಪಟದ ಎದ್ದ ಮೂಲೆಯನ್ನು ಒತ್ತಿ ಅಂಟಿಸಿದರು. ಕಿಟಕಿಯಾಚೆ ಕಂಬದ ದೋಣಿ ಉತ್ತರ ಕೊಡುತ್ತಿತ್ತು.

ಕೇರಿಗೆ ಬಂದು ಅವಳು ಏನನ್ನೂ ಮುಚ್ಚಿಡಲಿಲ್ಲ. ಮೈದುನ ದೋಣಿಗೆ ಡಾಂಬರು ಬಳಿಯುತ್ತಿದ್ದವನು ಬ್ರಷ್ ಎಸೆದ.

"ನಾವು ತಗಲಾಕ್ಕೊಂಡಿದ್ದು ನಿನ್ನಿಂದ ಅತ್ತಿಗೆ. ಬಿಲ್ಲೆ ಬಿಸಾಕ್ತಿದ್ವಿ ನಾವು. ನೀನು ಮನೆಮನೆ ತಿರುಗಿ ಕೊಡಿ ಕೊಡಿ ಅಂದೆ. ಒಂದೊಂದು ಬಿಲ್ಲೇನೂ ನಮ್ಮ ಮೇಲೆ ಒಂದೊಂದು ಕೊಲೆ ಆಯ್ತು. ನಮ್ಮ ಕೈಯಾರೆ ಒಪ್ಪಿಸಿ ಬಂದ್ವಿ."

ಅವಳಿಗೆ ಮೈ ಉರಿಯಿತು, ಮೊದಲು ತನ್ನ ಮೇಲೇ. ನಂಬಿದ್ದು ತಪ್ಪು. ನಂಬಿ ಉಳಿದವರನ್ನೂ ನಂಬಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಇದೇ ನೀರಿನಲ್ಲಿ ಮೂರು ವರ್ಷ ನೆನೆದು, ಕಾಲಿನ ಚರ್ಮ ಕಳೆದುಕೊಂಡು, ತನ್ನ ಜನರ ವಿರುದ್ಧ ಸಾಕ್ಷಿ ಕೂಡಿಹಾಕಿದ್ದಳು. ಅದಕ್ಕೆ ಅವರು ಕೊಟ್ಟ ಮರ್ಯಾದೆ ಗೋಡೆಯ ಮೇಲಿನ ಎರಡು ಕೈ.

"ಬೈದು ಮುಗೀತಾ?" ಎಂದಳು ಅತ್ತೆ ಮಗನಿಗೆ. "ಮುಗಿದ್ರೆ ಆ ಡಾಂಬರಿನ ಡಬ್ಬಿ ಮುಚ್ಚು, ಒಣಗುತ್ತೆ."

ಬುಧವಾರ ಮಧ್ಯಾಹ್ನ ಸಾಹೇಬರು ತಾವಾಗಿ ಕೇರಿಗೆ ಬಂದರು. ಮೂರು ವರ್ಷದಲ್ಲಿ ಗೇಣಕ್ಕನ ಹೊಸಿಲಿಗೆ ಅವರ ಕಾಲು ಬಿದ್ದದ್ದು ಅದೇ ಮೊದಲು. ಕೂರಿ ಎಂದರೂ ಕೂರಲಿಲ್ಲ. ಖಾಕಿ ಅಂಗಿಯೊಂದನ್ನು ಅವಳ ಕೈಗಿಟ್ಟರು. ಅದರ ಮೇಲೆ ಒಂದು ಗುರುತಿನ ಕಾರ್ಡು, ಕೊರಳಿಗೆ ಹಾಕಿಕೊಳ್ಳಲು ಹಳದಿ ದಾರ. ಕಾರ್ಡಿನಲ್ಲಿ ಸೋಮವಾರ ತೆಗೆದ ಅವಳ ಮುಖ, ಕೆಳಗೆ ಒಂದು ಅಂಕಿ, ಅದರ ಕೆಳಗೆ 'ಕಾವಲುಗಾರ್ತಿ' ಎಂಬ ಮಾತು.

"ಪರ್ಮನೆಂಟ್ ಕೆಲಸ. ಕೇರಿಯಲ್ಲಿ ನಿನಗೊಬ್ಬಳಿಗೇ. ನಾಳೆಯಿಂದ ಕಂಬದ ಒಳಗೆ ಬಲೆ ಇಳಿಸೋ ಹಾಗಿಲ್ಲ. ಇಳಿಸಿದ್ರೆ ಬಲೆ ಜಪ್ತಿ, ದೋಣಿ ಜಪ್ತಿ, ಆಳು ಒಳಗೆ. ಯಾರು ಇಳಿಸಿದ್ರು ಅಂತ ಹೇಳೋದು ನಿನ್ನ ಕೆಲಸ."

"ಮನೆಗಳು?"

"ದಡದಿಂದ ಮೇಲೆ ನೂರು ಮಾರು ನೆಲಾನೂ ಕಂಬದ ಒಳಗೇ ಬರುತ್ತೆ. ಆಮೇಲೆ ನೋಡೋಣ." ಹೊರಟವರು ತಿರುಗಿ ನಿಂತರು. "ಸೋಮವಾರ ಏನೋ ಹೇಳಿದೆಯಂತೆ. ಅದು ಅಲ್ಲಿಗೆ ಮುಗೀತು. ತಿಳೀತಾ? ನಾಳೆ ಕಾರ್ಡು ಹಾಕ್ಕೊಂಡು ಬಾ. ತಲೆ ಸ್ನಾನ ಮಾಡ್ಕೊಂಡು ಬಾ."

ಅವರ ಜೀಪಿನ ಧೂಳು ಅಡಗಿದ ಮೇಲೆ ಅತ್ತೆ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಅವಳಿಗೆ ಕಣ್ಣು ಮಂಜು. ಬೆರಳಾಡಿಸಿ ನೋಡಿದಳು. "ಅಂಕಿ ಇದೆಯೇನೇ ಇದರಲ್ಲಿ?"

"ಇದೆ."

"ದಾರನೂ ಇದೆ." ಅತ್ತೆ ಕಾರ್ಡನ್ನು ಸೊಸೆಯ ಮಡಿಲಿಗೆ ಹಾಕಿ ಮತ್ತೆ ಬಲೆ ಹಿಡಿದಳು. ನಾಲ್ಕು ಗಂಟು ಹಾಕಿ ಕೇಳಿದಳು. "ಅಲ್ಲಾ, ನಾವು ಬಿಟ್ಟ ಮೀನು ಈಗ ಎಲ್ಲಿ ಹೋಗಿರುತ್ವೆ? ನೀರಲ್ಲೇ ಇರಬೇಕಲ್ಲ. ದಾರ ಕಿತ್ತ ಜಾಗ ಮಾಯದೆ ಇರುತ್ತಾ, ಕಲೆ ಬೀಳದೆ ಇರುತ್ತಾ?"

ಗೇಣಕ್ಕ ತನ್ನ ಹೆಬ್ಬೆರಳ ಬುಡ ನೋಡಿಕೊಂಡಳು.

ಗುರುವಾರ ನಸುಕಿಗೇ ಅವಳು ನೀರಿಗಿಳಿದಳು. ಮೈದುನ ಮಾತಿಲ್ಲದೆ ಬಲೆಯ ಇನ್ನೊಂದು ತುದಿ ಹಿಡಿದ. ನೀರು ಎದೆಗೆ ಬಂತು, ಹಲ್ಲು ಕಟಕಟ ಎಂದವು. ಎರಡು ಕಂಬಗಳ ನಡುವೆ ತಂತಿ ಇನ್ನೂ ಬಿಗಿದಿರಲಿಲ್ಲ. ಒಳಗೆ ಕೆಂಪುರೆಕ್ಕೆಗಳು ಇದ್ದೇ ಇದ್ದವು. ಎಳೆದ ಬಲೆಯಲ್ಲಿ ಅರವತ್ತಕ್ಕೆ ಮೇಲೆ ಬಿದ್ದವು. ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಹಿಡಿದು ಮುಳ್ಳುರೆಕ್ಕೆಯ ಬುಡ ಸವರಿದಳು. ಇಲ್ಲ. ಇಲ್ಲ. ಮೂರನೆಯದರಲ್ಲಿ ಬೆರಳು ನಿಂತಿತು. ಹುರುಪೆ ಇಲ್ಲದ ಜಾಗ, ಬೆಳ್ಳಗೆ, ಗಟ್ಟಿಯಾಗಿ. ಅವಳದೇ ಸೂಜಿಯ ಗುರುತು. ಗೇಣು ಇಟ್ಟಳು. ಮೀನು ಗೇಣು ಮೀರಿ ನಾಲ್ಕು ಬೆರಳು ಬೆಳೆದಿತ್ತು.

"ಸತ್ತಿದ್ದು ಅಂತ ಬರೆದವರೇ, ನೋಡ್ರೋ ಇದನ್ನ!" ಎಂದು ಮೈದುನ ಕೂಗಿದ. ಕೂಗುತ್ತ ಅಳುತ್ತಿದ್ದ. ಕಲೆಯಿದ್ದ ಹತ್ತೊಂಬತ್ತು ಮೀನನ್ನು ನೀಲಿ ತೊಟ್ಟಿಗೆ ಹಾಕಿದರು. ಉಳಿದವನ್ನು ಬಿಟ್ಟರು.

ಕೇಂದ್ರದ ಮುಂದೆ ಶಾಮಿಯಾನ, ಅದರ ಕೆಳಗೆ ಕೆಂಪು ರತ್ನಗಂಬಳಿ. ಕುಲಪತಿಗಳು, ನಿರ್ದೇಶಕರು, ಕ್ಯಾಮೆರಾದವರು. ದಡದಲ್ಲಿ ಮೋಟಾರ್ ದೋಣಿ, ಅದರಲ್ಲಿ ಲಾಠಿ ಹಿಡಿದ ನಾಲ್ವರು. ಮೇಜಿನ ಮೇಲೆ ಒಪ್ಪಂದದ ಹಾಳೆ, ಎರಡು ಹೊಸ ಪೆನ್ನು. ಕೇರಿಯವರಿಗೆ ಹಿಂದೆ, ಬಿಸಿಲಿನಲ್ಲಿ ಜಾಗ. ಗೇಣಕ್ಕನ ಕೊರಳಲ್ಲಿ ಕಾರ್ಡು ಕಂಡು ಸಾಹೇಬರು ತಲೆಯಾಡಿಸಿದರು. ತೊಟ್ಟಿ ಹೊತ್ತ ಮೈದುನ ಅವಳ ಹಿಂದೆಯೇ ವೇದಿಕೆ ಹತ್ತಿದ. ಪ್ರದರ್ಶನಕ್ಕೆ ಇರಬೇಕು ಎಂದುಕೊಂಡು ಯಾರೂ ತಡೆಯಲಿಲ್ಲ.

"ಈ ಯೋಜನೆಗೆ..." ಎಂದು ಸಾಹೇಬರು ಪಕ್ಕದಿಂದ ಪಿಸುಗುಟ್ಟಿದರು.

"ನನಗೆ ಬಾಯಿಪಾಠ ಬರಲ್ಲ," ಎಂದಳು ಗೇಣಕ್ಕ ಮೈಕಿನಲ್ಲಿ. "ಮೀನು ಹಿಡಿಯೋದು ಬರುತ್ತೆ. ಹಿಡಿದು ತಂದಿದೀನಿ." ಬಗ್ಗಿ ಒಂದನ್ನು ಎರಡೂ ಕೈಯಲ್ಲಿ ಎತ್ತಿದಳು. "ಆ ಪಟದಲ್ಲಿ ಇದಕ್ಕೆ ಕಪ್ಪು ಬಣ್ಣ ಬಳಿದಿದೀರಿ. ನಾವು ಕೊಂದ್ವಿ ಅಂತ ಬರೆದು ನೀರು ಕಿತ್ಕೊಳ್ತಿದೀರಿ. ಇದು ಉಸಿರಾಡ್ತಿದೆ. ಬಿಲ್ಲೆ ಬಿಚ್ಚಿದ ಕಲೆ ಇಲ್ಲಿದೆ. ಬಂದು ಮುಟ್ಟಿ ನೋಡಿ."

ಮೈಕು ಸತ್ತಿತು. ದೋಣಿಯಿಂದ ದೋಣಿಗೆ ಗಾಳಿಯಲ್ಲಿ ಕೂಗಿ ಬೆಳೆದ ಗಂಟಲು ಅವಳದು. ಮೈಕು ಬೇಕಿರಲಿಲ್ಲ.

"ಪ್ರೊಫೆಸರ್ ಸಾರ್, ಎಲ್ಲಿ ಚುಚ್ಚಬೇಕು ಅಂತ ಕಲಿಸಿದ್ದು ನೀವು. ಮುಟ್ಟಿ."

ಎಲ್ಲರೂ ನೋಡುತ್ತಿದ್ದರು. ಪ್ರೊಫೆಸರು ಹೆಬ್ಬೆರಳಿನಿಂದ ಕಲೆಯನ್ನು ಸವರಿದರು. ಅವರಿಗೆ ಗೊತ್ತಾಯಿತು. ಗೊತ್ತಾದದ್ದು ಗೇಣಕ್ಕನಿಗೆ ಕಂಡಿತು. ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡು ಅವರು ಹೇಳಿದರು, "ಗಾಯ ಯಾವ ಕಾರಣಕ್ಕೂ ಆಗಿರಬಹುದು. ಇದನ್ನ ಆಮೇಲೆ ಪರಿಶೀಲಿಸೋಣ."

"ಆಮೇಲೆ ಅಂದ್ರೆ ಸಹಿ ಆದ ಮೇಲಾ? ಚಿಕ್ಕ ಮೇಡಂ, ನೀವು ಹೇಳಿ. ಸೋಮವಾರ ನಿಮಗೆ ಹೇಳಿದ್ನಲ್ಲ."

ಹುಡುಗಿ ಎದೆಗೆ ಫೈಲು ಅವಚಿಕೊಂಡು ನಿಂತಿದ್ದಳು. ತುಟಿ ಅಲುಗಿತು. ಪ್ರೊಫೆಸರು ಅವಳ ಕಡೆ ನೋಡಿದರು. ಅವಳು ನೆಲ ನೋಡಿದಳು.

"ತೆಗೀರಿ ಇದನ್ನ!" ಎಂದರು ಸಾಹೇಬರು. ಕಾವಲಿನವನೊಬ್ಬ ಬಂದು ತೊಟ್ಟಿಯ ಅಂಚು ಹಿಡಿದೆಳೆದ. ಮೈದುನ ಬಿಡಲಿಲ್ಲ. ತೊಟ್ಟಿ ಮಗುಚಿತು. ನೀರೆಲ್ಲ ರತ್ನಗಂಬಳಿಯ ಮೇಲೆ ಹರಿದು ಮೀನುಗಳು ಪಟಪಟ ಎಂದು ಬಡಿದುಕೊಂಡವು. ಮೀನು ಉಳಿಸಲು ಬಂದ ದೊಡ್ಡವರು ಬೂಟು ನೆನೆಯದಂತೆ ಕಾಲೆತ್ತಿ ಹಿಂದೆ ಸರಿದರು. ಒಬ್ಬರೂ ಬಗ್ಗಲಿಲ್ಲ. ಬಿಸಿಲಿನಲ್ಲಿ ನಿಂತಿದ್ದ ಕೇರಿ ಹಗ್ಗ ದಾಟಿ ನುಗ್ಗಿತು. ಲಾಠಿ ಮೇಲೆದ್ದವು. ಬೆನ್ನಿಗೆ ಬೀಳುತ್ತಿದ್ದರೂ ಜನ ಬಗ್ಗಿ ಮೀನು ಹೆಕ್ಕಿದರು, ಸೆರಗಿನಲ್ಲಿ, ಟವಲಿನಲ್ಲಿ, ಬರಿಗೈಯಲ್ಲಿ. ಕಣ್ಣು ಮಂಜಾದ ಅತ್ತೆ ನೆಲದಲ್ಲಿ ಕೂತು ತಡವಿ ತಡವಿ ಎರಡು ಹಿಡಿದಳು. ಹೆಕ್ಕಿದವರು ನೀರಿಗೆ ಓಡಿದರು.

ಹತ್ತೊಂಬತ್ತನೆಯದು ಒಂದು ಬೂಟಿನ ಕೆಳಗೆ ಸಿಕ್ಕಿತ್ತು. ಗೇಣಕ್ಕ ಅದನ್ನು ಬಿಡಿಸಿ ಎತ್ತಿಕೊಂಡಳು. ನೇರ ಮೇಜಿಗೆ ಹೋಗಿ ಒಪ್ಪಂದದ ಹಾಳೆಯ ಮೇಲೆ ಮಲಗಿಸಿದಳು. ಹಾಳೆಗೆ ರಕ್ತ ಇಳಿಯಿತು.

"ಹತ್ತೊಂಬತ್ತು ತಂದಿದ್ದೆ. ಹದಿನೆಂಟು ನೀರಿಗೆ ಹೋಯ್ತು. ಇದೊಂದು ಸತ್ತಿದೆ. ಇದನ್ನ ಬರ್ಕೊಳ್ಳಿ. ಯಾರು ಕೊಂದಿದ್ದು ಅಂತಾನೂ ಬರ್ಕೊಳ್ಳಿ."

ಕೊರಳಿನ ಹಳದಿ ದಾರವನ್ನು ತಲೆಯ ಮೇಲಿಂದ ತೆಗೆದಳು. ಕಾರ್ಡನ್ನು ಮೀನಿನ ಪಕ್ಕ ಇಟ್ಟಳು.

"ಬಿಲ್ಲೆ ವಾಪಸ್ ಕೊಡ್ತಿದೀನಿ. ಬಿಲ್ಲೆ ಬಂತು ಅಂತ ನಾನು ಸತ್ತೆ ಅಂತ ಬರ್ಕೋಬೇಡಿ."

ಯಾರೋ ಅವಳ ರಟ್ಟೆ ಹಿಡಿದರು. ಕೊಸರಿಕೊಂಡು ಇಳಿದಳು. ದಡದಲ್ಲಿ ಮೈದುನ ದೋಣಿ ನೀರಿಗೆ ನೂಕುತ್ತಿದ್ದ, ಅವನ ಕಿವಿಯ ಹಿಂದಿನಿಂದ ರಕ್ತ ಕತ್ತಿಗೆ ಇಳಿದಿತ್ತು. ಅವಳು ಹತ್ತಿ ಹುಟ್ಟು ಹಿಡಿದಳು. ಹಿಂದೆ ಇನ್ನೊಂದು ದೋಣಿ ಬಂತು. ಅದರ ಹಿಂದೆ ಇನ್ನೂ ನಾಲ್ಕು. ಕೆಂಪು ತುದಿಯ ಎರಡು ಕಂಬಗಳ ನಡುವೆ ನುಸುಳಿ ಒಳಗೆ ಹೋದರು. ದಡದ ಕಡೆಯಿಂದ ಮೋಟಾರ್ ದೋಣಿ ಶುರುವಾದ ಸದ್ದು ಕೇಳಿಸಿತು, ಹತ್ತಿರವಾಗತೊಡಗಿತು.

ಗೇಣಕ್ಕ ತಿರುಗಿ ನೋಡಲಿಲ್ಲ. ಬಲೆ ಇಳಿಸಿದಳು.